ಹೆಚ್ಚುವರಿ: ಇಲ್ಲ

ಬೈತಖೋಲ ಬಂದರಿನಲ್ಲಿ ನಾನು ದಿಮ್ಮಿ ಎಣಿಸುವವ.
ಆಫ್ರಿಕದ ಮರ. ನಾನೂರ ಹನ್ನೊಂದಕ್ಕೆ ಸುಣ್ಣದ ಗೆರೆ ಎಳೆವಾಗ
ತೊಗಟೆ ಬಿರಿದು ಇಳಿಯಿತು,
ಚಪ್ಪಲಿಯ ಉಂಗುಟದಷ್ಟೇ ದಪ್ಪ,
ಕೊರಳಿಗೆ ಕರಿಪಟ್ಟಿ,
ಬಾಯಲ್ಲಿ ಅಡ್ಡಕ್ಕೆ ಒಂದು ಜರಿ.

ಕ್ರೇನು ನಿಂತಿತು. ದುರ್ಗು ತಾಂಡೇಲ ಕೊಕ್ಕೆ ಎತ್ತಿದ:
"ನಮ್ಮೂರ ಹಾವಲ್ಲ ಇದು."
ಜರಿ ಯಾವ ಊರಿನದು?
ಯಾರಿಗೂ ಗೊತ್ತಿಲ್ಲ.

ಹಾವಿಗೆ ಅವಸರವಿಲ್ಲ.
ವಿಷದ ಹಲ್ಲು ಬಾಯಿಯ ಹಿಂದೆಲ್ಲೋ, ಇದ್ದಷ್ಟೇ ವಿಷ;
ಬಂಗಡೆಯ ಮುಳ್ಳನ್ನು ನಾಲಿಗೆಯಲ್ಲೇ ಹುಡುಕುವವನಂತೆ
ಅಗಿಯುತ್ತ, ಅಗಿಯುತ್ತ
ತಲೆಯ ಕಡೆಗೆ ಸರಿಯಿತು.
ಕಾಲುಗಳು ಒಂದೊಂದಾಗಿ ಸೋತವು.
ಎಣಿಸಿದೆ, ಅಭ್ಯಾಸಬಲ. ಹದಿನೇಳರ ತನಕ.
ಆಗ ಜರಿ ಹೊರಳಿ
ಅದರ ಮೂತಿಗೇ ಕಚ್ಚಿತು.

ಗೆದ್ದವರಾರು ಹೇಳಲಾರೆ.
ಒಂದೇ ಗಂಟಾಗಿ ಎರಡೂ
ಧಕ್ಕೆಯ ಕಲ್ಲುಸಂದಿಗೆ ಉರುಳಿದವು,
ಕೆಳಗೆ ಭರತದ ನೀರು ಏರುತ್ತಿತ್ತು.
ದುರ್ಗು ಕೊಕ್ಕೆಯನ್ನು ಹೆಗಲಿಗೇರಿಸಿ
ಬೀಡಿ ಹಚ್ಚಿದ, ಕಡ್ಡಿ ಮೂರು ಸಲ ಆರಿತು.

ಸಂಜೆ ಕಸ್ಟಮ್ಸಿನ ಸಾಹೇಬ ಪಟ್ಟಿ ಓದಿದ:
"ಹೆಚ್ಚುವರಿ?"
ಇಲ್ಲ ಅಂತ ಬರೆದು ಸಹಿ ಹಾಕಿದೆ.

ಅಂದಿನಿಂದ ಬೆಳಿಗ್ಗೆ
ಗಮ್‌ಬೂಟು ಬೋರಲು ಹಾಕಿ ಕೊಡವುತ್ತೇನೆ.
ಮರಳು ಬೀಳುತ್ತದೆ, ಒಮ್ಮೊಮ್ಮೆ ಒಂದು ಚಿಪ್ಪು.
ಬೇರೇನೂ ಬೀಳದಿದ್ದರೆ
ಮತ್ತೊಮ್ಮೆ ಕೊಡವುತ್ತೇನೆ.