ಐದನೆಯ ಕಲಂ

ಕೇಂದ್ರ ಕಚೇರಿಯಿಂದ ಬಂದ ನಮೂನೆಗೆ ಐದು ಕಲಂ.
ಕನ್ನಡ ಮಾಡಿ ಕಳಿಸಿ ಎಂದರು. ನಾಲ್ಕು ಸಲೀಸು:
ಕಳಪೆ, ಸಾಧಾರಣ, ತೃಪ್ತಿಕರ, ಉತ್ತಮ.
ಐದನೆಯದಕ್ಕೆ ‘ನಿರೀಕ್ಷೆ ಮೀರಿದ್ದಾರೆ’ ಎಂದು ಬರೆದೆ,
ಬರೆದು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.

ನಮ್ಮಮ್ಮನ ಬಾಯಲ್ಲಿ ಮೀರುವುದೆಂದರೆ ಬೈಗುಳ:
ಮಾತು ಮೀರಿದಳು, ಗೆರೆ ಮೀರಿದಳು,
ಬೆಲ್ಲದ ಪಾಕ ಹದ ಮೀರಿತು.
ಒಮ್ಮೆ ಮೆಗ್ಗಾನ್ ಆಸ್ಪತ್ರೆಯ ಕಾರಿಡಾರಿನಲ್ಲಿ
ಕನ್ನಡಕ ಒರೆಸಿಕೊಳ್ಳುತ್ತ ಡಾಕ್ಟರೂ ಅಂದಿದ್ದರು,
ಕೈ ಮೀರಿದೆ.
ಇಂಥ ಪದವನ್ನು ಹೊಗಳಿಕೆಯ ಮಣೆಯ ಮೇಲೆ
ಹೇಗೆ ಕೂರಿಸಲಿ?

ನಮ್ಮ ಹುಚ್ಚರಾಯಪ್ಪ, ಶಿಕಾರಿಪುರದ ಕಡೆಯವನು,
ಇಪ್ಪತ್ತೊಂಬತ್ತು ವರ್ಷದ ಅಟೆಂಡರ್.
ಅಲುಗುವ ಮೇಜಿನ ಕಾಲಿಗೆ ಯಾರೂ ಹೇಳುವ ಮೊದಲೇ
ಮಡಚಿದ ರಟ್ಟು. ಪಿನ್‌ಕೋಡು ಮರೆತ ಲಕೋಟೆಗೆ
ಅವನದೇ ದುಂಡು ಅಂಕಿ.
ಅವನಿಂದ ಯಾರೂ ಏನನ್ನೂ ನಿರೀಕ್ಷಿಸಿದ್ದಿಲ್ಲ.
ಇಲ್ಲದ್ದನ್ನು ಮೀರುವುದು ಹೇಗೆ, ಎಷ್ಟು?

ಸಂಜೆ ಮೀನು ಮಾರ್ಕೆಟ್ಟಿನಲ್ಲಿ ಖೈರುನ್ನಿಸಾ
ಘಾಟಿ ಹತ್ತಿ ಬಂದ ಬಂಗುಡೆ ತೂಗಿದಳು.
ಹೊಸ ತಕ್ಕಡಿಯ ಕೆಂಪು ಅಂಕಿ ಕುಣಿದು ಕುಣಿದು
ಒಂದು ಕೇಜಿಗೆ ನಿಂತಿತು.
ಚೀಲ ಕೆಳಗಿಳಿಸಿ, ಆಮೇಲೆ,
ಅಂಕಿಗೆ ಕಾಣದ ಹಾಗೆ
ಇನ್ನೊಂದು ಎಸೆದಳು.
‘ಇದಕ್ಕೇನಂತೀಯ?’
‘ಕೊಸರು. ಗೊತ್ತಿಲ್ವಾ ಮೇಡಂ?’
‘ತೂಗೋವಾಗಲೇ ಹಾಕಬಹುದಿತ್ತಲ್ಲ.’
‘ಆಗ ಅದೂ ತೂಕವೇ ಆಗ್ತದೆ’ ಅಂದವಳು
ಮುಂದಿನವರ ಚೀಲಕ್ಕೆ ಕೈ ಚಾಚಿದಳು.

ತುಂಗಾ ಸೇತುವೆಯ ಮೇಲೆ ಸಿಟಿ ಬಸ್ಸಿನಲ್ಲಿ ನೆನಪಾಯಿತು:
ಹಿಡಿದವರ ಕೈಯಿಂದ ಬಿಡಿಸಿಕೊಳ್ಳುವುದಕ್ಕೂ
ಕೊಸರುವುದು ಅಂತಲೇ ಅನ್ನುತ್ತೇವೆ.
ಯಾರ ಕೈ, ಯಾವ ಲೆಕ್ಕದ ಹಿಡಿತ
ಅಂದುಕೊಳ್ಳುವಷ್ಟರಲ್ಲಿ ಸ್ಟಾಪು ಬಂತು.
ಚೀಲದಿಂದ ತೊಟ್ಟಿಕ್ಕಿದ ನೀರಿಗೆ
ಕಂಡಕ್ಟರ್ ಗೊಣಗಿದ.

ಮರುದಿನ ಬರೆದದ್ದನ್ನು ಹೊಡೆದುಹಾಕಿ
ಐದನೆಯ ಕಲಮಿಗೆ ‘ಕೊಸರು’ ಎಂದು ಬರೆದೆ.
ಹುಚ್ಚರಾಯಪ್ಪನ ಹೆಸರಿನೆದುರು ಗುರುತು ಹಾಕಿದೆ.

ಹದಿನೈದು ದಿನಕ್ಕೆ ಕಡತ ವಾಪಸು. ಕೆಂಪು ಶಾಯಿ:
‘ಪದ ಅರ್ಥವಾಗಿಲ್ಲ. ಲಿಖಿತ ವಿವರಣೆ ನೀಡುವುದು.’
ತಂದಿಟ್ಟವನು ಅವನೇ. ಓದಿದ್ದನೋ ಇಲ್ಲವೋ,
ಇಟ್ಟು ಫ್ಯಾನಿನ ರೆಗ್ಯುಲೇಟರು ತಿರುವಿ ಹೋದ.
ಕಡತದೊಳಗೆ ಉತ್ತರಕ್ಕೆಂದು ಒಂದು ಬಿಳಿ ಹಾಳೆ,
ಎಡಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು,
ಮೇಲೆ ಇವತ್ತಿನ ತಾರೀಖು ಹಾಕಿ.