ಏಳೇ ಆಟ

ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ
ಅಂತ ಬರೆದಿತ್ತು ಆ ಹಳದಿ ಕ್ಯಾಸೆಟ್ಟಿನ ಮೇಲೆ.
ಎಣಿಸಿದೆವು. ಏಳು.
ಮಿಕ್ಕಿದ್ದೆಲ್ಲ ಅವೇ ಏಳು, ಬೇರೆ ಬಣ್ಣದ ಅಂಗಿ ತೊಟ್ಟು.

ಕುತೈಸಿಯಲ್ಲಿ ಆ ಚಳಿಗಾಲ
ದಿನಕ್ಕೆ ಎರಡೇ ತಾಸು ಕರೆಂಟು.
ಅಮ್ಮನಿಗೆ ಇಸ್ತ್ರಿ, ಅಜ್ಜಿಗೆ ರೇಡಿಯೋ,
ನನಗೂ ನುಗ್ಜಾರ್ ಮಾವನಿಗೂ ಟ್ಯಾಂಕಿನ ಆಟ.
ಇಟ್ಟಿಗೆ ಗೋಡೆಯ ಹಿಂದೊಂದು ಹದ್ದು, ಅದನ್ನು ಕಾಯಬೇಕು.
ಮಾವ ಪ್ರತಿಸಲ ತಾನೇ ಅದಕ್ಕೆ ಗುಂಡು ಹೊಡೆದು
"ಕೈ ಜಾರಿತು ಲಮ್ಜೀರಾ" ಅನ್ನುತ್ತಿದ್ದ.
ಹದಿನೇಳನೇ ಹಂತ ಬರುವಷ್ಟರಲ್ಲಿ
ಟಪ್.
ಸ್ಟೌವಿನ ನೀಲಿ ಮಾತ್ರ.

ಆಮೇಲೆ ಇಂಟರ್ನೆಟ್ ಕ್ಲಬ್ಬು.
ಹುಡುಗರು ರಷ್ಯನ್ನಿನಲ್ಲಿ ಬೈಯುತ್ತಾ ಬೆನ್ನಿಗೆ ಗುಂಡು ಹಾರಿಸುತ್ತಿದ್ದರು;
ನಾನು ಸತ್ತುಬಿದ್ದಲ್ಲಿಂದ ಆಕಾಶ ನೋಡುತ್ತಿದ್ದೆ.
ಚೆನ್ನಾಗಿ ಬರೆದಿದ್ದರು ಮೋಡಗಳನ್ನು.

ಫೋನಿನಲ್ಲಿ ಮೀನು ಹಿಡಿಯುವ ಆಟ, ಮೂರು ವರ್ಷ, ಬಸ್ಸಿನಲ್ಲಿ.
ಒಂದು ಬೂಟು ಸಿಕ್ಕಿತು. ಇನ್ನೊಂದು ಬೂಟು.
ಎರಡೂ ಎಡಗಾಲಿನವು.

ಈಗ ಒಂದು ತೋಟದ ಆಟ. ಟರ್ನಿಪ್ ಬೆಳೆಯುತ್ತೇನೆ.
ಹಿತ್ತಲ ಬೀನ್ಸಿಗೆ ನೀರು ಹಾಕೋರು ಯಾರು ಅಂತ
ದೋದೋ ಅತ್ತೆ ಗೊಣಗುತ್ತಾಳೆ.
ಇಲ್ಲಿ ಯಾರೂ ಸಾಯುವುದಿಲ್ಲ,
ಎಲ್ಲವನ್ನೂ ತಾನೇ ಉಳಿಸಿಕೊಳ್ಳುತ್ತದೆ ಯಂತ್ರ.
ಬೇಜಾರಂತಲ್ಲ. ಸ್ವಲ್ಪ ಉಪ್ಪು ಕಮ್ಮಿ, ಅಷ್ಟೆ.

ಮೊನ್ನೆ ಅತ್ತೆ, ರದ್ದಿಗೆ ಹಾಕು ಅಂತ ಕೊಟ್ಟಳು
ಮಾವನ ಸೀಮೆಎಣ್ಣೆ ಲೆಕ್ಕದ ಪುಸ್ತಕ.
ಹಿಂಬದಿಯಿಂದ ಶುರುವಾಗಿ ಅವನ ದುಂಡಕ್ಷರ:

ಜನವರಿ ೬. ಲಮ್ಜೀರಾ, ೪೧,೨೦೦. ಕರೆಂಟು ಹೋಯಿತು.
ಜನವರಿ ೭. ಲಮ್ಜೀರಾ, ೩೮,೦೦೦. ಕರೆಂಟು ಹೋಯಿತು.
ಜನವರಿ ೮. ಕರೆಂಟು ಬರಲೇ ಇಲ್ಲ.
ಲಮ್ಜೀರಾ, ೫೦,೦೦೦.