ಬೆಳ್ಳಿ ಬಣ್ಣ, ಎರಡು ಕೋಟು

ಬ್ಯಾಟರಿ ಸರಿಯಿದೆ, ಹನ್ನೆರಡೂವರೆ ವೋಲ್ಟು.
ನಾಲಗೆಗೆ ಮುಟ್ಟಿಸಿ ನೋಡಿದವರಂತೆ ಹೇಳಿದರು ಗೆಬ್ರೆಜ್ಗಿ.
ಮೀಟರು ಹಿಡಿದು ನಾನೂ ಅದನ್ನೇ ಹೇಳಿದೆ.

ಅಸ್ಮಾರಾದ ಈ ಗಲ್ಲಿಯಲ್ಲಿ, ತಗಡು ಬಡಿಯುವವರ ಸದ್ದಿನ ನಡುವೆ,
ಸೂಲಗಿತ್ತಿ ಅಬ್ರೆಹೆತ್ ಅವರ ಫಿಯಾಟ್ ಆರುನೂರು
ಹಿಂಬದಿಯ ಬಾಯಿ ತೆರೆದು ನಿಂತು ಮೂರು ದಿನ.

ಸೀಟಿನ ಪಕ್ಕದ ಲಿವರ್ ಎಳೆದರೆ
ಟಕ್.
ಆಮೇಲೆ ಏನೂ ಇಲ್ಲ,
ಬಾಗಿಲು ತಟ್ಟಿ ಓಡಿಹೋದ ತುಂಟನ ಹಾಗೆ.

"ದೀಪ ಹಾಕಿ ಎಳೆ" ಅಂದರು.
ದೀಪ ಕುಂದಲಿಲ್ಲ.
"ಕುಂದಿದ್ದರೆ ಒಳಗೆ ಯಾರೋ ಉಣ್ಣುತ್ತಿದ್ದಾರೆ ಅಂತ.
ಇದು, ಬಡಿಸಿದ್ದು ತಟ್ಟೆಗೇ ಬಂದಿಲ್ಲ."

ಕೇಬಲ್ಲಿನ ತುದಿ ಕೆರೆದೆ, ನಟ್ಟು ಬಿಗಿದೆ.
ಕೊನೆಗೆ ಬಿಚ್ಚಿ ಇಳಿಸಿ, ನೆಲಕ್ಕಿಟ್ಟು ಕಾಲಲ್ಲಿ ಒತ್ತಿ
ಜಂಪರ್ ಕಚ್ಚಿಸಿದರೆ, ಅಬ್ಬ, ಗಿರ್ರೆಂದು
ಅಂಗಾಲಡಿ ಹಿಡಿದ ಮೊಲದಂತೆ ಒದ್ದಾಡಿತು.
ಮತ್ತೆ ಏರಿಸಿದೆವು. ಟಕ್.

ಎರಡನೆಯ ಸಲ ಇಳಿಸುವಾಗ ಊರಿನ ಕರೆಂಟು ಹೋಯಿತು.
ಮೂರನೆಯ ಸಲ ನನ್ನ ಗೆಣ್ಣಿನ ಸಿಪ್ಪೆ.
ಲೆತೆಬ್ರಹಾನ್ ಅಕ್ಕ ಮೂರನೇ ಸುತ್ತಿನ ಕಾಫಿ ತಂದು,
ತೆಳ್ಳಗಿನ, ಹರಸುವ ಸುತ್ತು,
"ಇನ್ನೂ ಎದ್ದಿಲ್ಲವೇ ಇದು?" ಅಂದಳು.

ಹೊರಗೆ ಕುಣಿಯುತ್ತದೆ, ಒಳಗೆ ಮುನಿಯುತ್ತದೆ.
ಗಂಡನ ಮನೆಗೆ ಒಗ್ಗದ ಹೆಣ್ಣು, ಎಂದ ಒಬ್ಬ ಗಿರಾಕಿ.
ನಾನು ಸ್ಪ್ಯಾನರನ್ನು ಕೊಂಚ ಜೋರಾಗಿಯೇ ಕೆಳಗಿಟ್ಟೆ.

ಹೇಳಿಬಿಡಬೇಕು: ಅದಕ್ಕೆ ಬಣ್ಣ ಬಳಿದವಳು ನಾನು.
ಯಾರೂ ಬಳಿ ಅಂದಿರಲಿಲ್ಲ.
ಅರವತ್ತು ವರ್ಷದ ಗ್ರೀಸು ಸೀಮೆಎಣ್ಣೆಯಲ್ಲಿ ತೊಳೆದು
ಹೊಸ ಬುಶ್ಶು, ಹೊಸ ಬ್ರಶ್ಶು ಕೂರಿಸಿದ ಮೇಲೆ
ಡಬ್ಬಿಯ ತಳದಲ್ಲಿತ್ತು ಬೆಳ್ಳಿ ಬಣ್ಣ.
ಎರಡು ಕೋಟು: ಮೈಗೆ, ಕಿವಿಗೆ, ಬೋಲ್ಟು ಕೂರುವ ಅಂಚಿಗೆ,
ವಾಷರುಗಳಿಗೂ.
ಕಾರಿನ ಹೊಟ್ಟೆಯೊಳಗೆ ಯಾರೂ ನೋಡದ ಜಾಗ.
ಅದಕ್ಕೇ ಬಳಿದದ್ದು.

ಗೆಬ್ರೆಜ್ಗಿ ತಂತಿಯ ಒಂದು ತುದಿ ಇಂಜಿನ್ನಿಗೆ,
ಇನ್ನೊಂದು ಆ ಬೆಳ್ಳಿ ಮೈಗೆ ಕಚ್ಚಿಸಿ
"ಎಳೆ" ಅಂದರು.
ಇಡೀ ಕಾರು ಬೆನ್ನು ಕೊಡವಿ ತಿರುಗಿತು.

ಕ್ಲಿಪ್ಪಿನ ಹಲ್ಲು ನಾಟಿದಲ್ಲಿ ಬಣ್ಣ ಸೀಳಿ
ಅಕ್ಕಿಕಾಳಿನಷ್ಟು ಕಬ್ಬಿಣ.
ನೆಲದ ಮೇಲೆ ಕುಣಿದದ್ದೂ ಅದರಿಂದಲೇ.
ಧನದಿಂದ ಹೊರಟದ್ದು ಋಣಕ್ಕೆ ಮರಳಬೇಕು;
ನಾನು ಮರಳುವ ದಾರಿಯನ್ನೇ ಚೆಂದ ಮಾಡಿ ಮುಚ್ಚಿದ್ದೆ.

ಬಯ್ಯಲಿಲ್ಲ. ಸ್ಯಾಂಡ್‌ಪೇಪರಿನ ಅಂಗೈಯಗಲ ತುಂಡು ಹರಿದು ಕೊಟ್ಟರು.
ಮಗುವಿಗೆ ಎರೆಯುವಾಗ ಉಜ್ಜುವಂತೆ
ಕಿವಿಗಳ ಹಿಂದೆ ಉಜ್ಜಿದೆ, ಬರಿ ಲೋಹ ಮಿನುಗುವ ತನಕ.
ಮಿಕ್ಕದ್ದನ್ನೂ ಕೆರೆಯಲೇ?
"ಇರಲಿ ಬಿಡು" ಅಂದರು, ಬೇರೆಲ್ಲೋ ನೋಡುತ್ತ.

ಸಂಜೆ ಅಬ್ರೆಹೆತ್ ಬಂದರು, ಚೀಲವನ್ನು ಪಕ್ಕದ ಸೀಟಿಗೆಸೆದು
ಲಿವರ್ ಎಳೆದರು, ಹೊರಟೇಬಿಟ್ಟರು,
ಏನಾಗಿತ್ತು ಅಂತಲೂ ಕೇಳದೆ.
ಆಮೇಲೆ ಬಿಲ್ಲಿನ ನಕಲು ನೋಡಿದೆ:
ಬಣ್ಣಕ್ಕೆ ದುಡ್ಡು ಹಾಕಿದ್ದರು ಗೆಬ್ರೆಜ್ಗಿ.
ಉಜ್ಜಿದ್ದಕ್ಕೆ ಹಾಕಿರಲಿಲ್ಲ.